ಲ್ಯಾಬಣ್ಣನ ಕಿಟಕಿ

ಶಿಕಾರಿಪುರದಿಂದ ಶಿರಾಳಕೊಪ್ಪದವರೆಗೆ ನಾನು ಅಣಕಿಸದೆ ಬಿಟ್ಟ ಮನುಷ್ಯರು ಕಡಿಮೆ. ಪ್ರಿನ್ಸಿಪಾಲರು ‘ಸೈಲೆನ್ಸ್’ ಅನ್ನುವ ಮೊದಲು ಮೂರು ಸಲ ಗಂಟಲು ಕೆರೆದುಕೊಳ್ಳುವುದು, ಕಂಡಕ್ಟರು ‘ಒಳಗ್ ಸರೀರಿ, ಒಳಗ್ ಸರೀರಿ’ ಎನ್ನುತ್ತ ತಾನು ಮಾತ್ರ ಬಾಗಿಲಿಗೆ ಅಂಟಿಕೊಂಡಿರುವುದು, ನಮ್ಮ ಯಾಡಿ, ಅಂದರೆ ಅವ್ವ, ಸಿಟ್ಟು ಬಂದಾಗ ಮನೆಮಾತಾದ ಲಂಬಾಣಿ ಬಿಟ್ಟು ಕನ್ನಡಕ್ಕೆ ಹಾರುವುದು, ಎಲ್ಲವೂ ನನ್ನ ನಾಲಿಗೆಯ ಮೇಲಿವೆ. ನನ್ನನ್ನೂ ಬಿಟ್ಟಿಲ್ಲ. ಓದಿದ ಪಿಯು ಕಾಲೇಜಿನಲ್ಲೇ ಈಗ ಅತಿಥಿ ಉಪನ್ಯಾಸಕನಾಗಿದ್ದೇನೆ. ಅತಿಥಿ ಎಂದು ಕರೆದು ಒಂದು ಲೋಟ ನೀರೂ ಕೊಡದ ಜಾಗ ಭೂಮಿಯ ಮೇಲೆ ಇದೊಂದೇ ಎಂದು ನಾನು ಗೊಣಗುವುದನ್ನು ನಾನೇ ಅಣಕಿಸಿ ಸ್ಟಾಫ್ ರೂಮಿನಲ್ಲಿ ನಗಿಸುತ್ತೇನೆ.

ಹಾಗಾಗಿ ಕಳೆದ ಮಳೆಗಾಲದಲ್ಲಿ ನಮ್ಮ ಸೈನ್ಸ್ ಲ್ಯಾಬಿನ ಹಳೆಯ ಅಟೆಂಡರು ತೀರಿಕೊಂಡು, ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ನಡೆದಾಗ, ಭಾಷಣಗಳು ಮುಗಿದ ಮೇಲೆ ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದ್ದು ಸಹಜವೇ.

‘ಎಲ್ರೂ ಬಾಳ ಭಾರ ಆಗ್ಯಾರಪ್ಪ. ಅವರ ದನಿ ಒಮ್ಮೆ ಕೇಳಿಸು.’

ಕೇಳಿಸಿದೆ. ಎಡಗೈಯಲ್ಲಿ ಬೀಗದ ಕೈ ಗೊಂಚಲು ಕುಣಿಸುತ್ತ ಬರುವುದು, ಬಾಗಿಲಲ್ಲಿ ಒಂದೇ ಒಂದು ಒಣ ಕೆಮ್ಮು, ಕನ್ನಡಕ ತೆಗೆದು ಫಿಲ್ಟರ್ ಪೇಪರಿನಲ್ಲಿ ಒರೆಸುವುದು, ಆಮೇಲೆ ಆ ಸೊರಬದ ಕಡೆಯ ರಾಗ: ‘ಏನ್ ಮಾರಾಯ, ಪಾಸಾದ್ಯಂತೆ, ಮುಂದೇನು?’ ಸಭೆ ನಕ್ಕಿತು. ನಗುತ್ತಲೇ ಹಲವರು ಕಣ್ಣೊರೆಸಿಕೊಂಡರು. ನಾನೂ ಸುತ್ತ ಒಮ್ಮೆ ನೋಡಿದೆ, ಎಷ್ಟು ಜನ ನಕ್ಕರು ಎಂದು.

ಕೊನೆಯ ಸಾಲಿನಲ್ಲಿ ಒಬ್ಬರು ನಗಲಿಲ್ಲ. ನಮ್ಮ ತಾಂಡಾದ ಮೇಸ್ತ್ರಿ ಕಾಕಾ. ಶುಂಠಿ ಹೊಲಗಳಿಗೆ ಆಳುಗಳ ತಂಡ ಕಟ್ಟಿಕೊಂಡು ಹೋಗುವವರು. ಸಭೆಗೆಂದೇ ಕೆಲಸ ಬಿಟ್ಟು ಬಂದಿದ್ದರು. ಹೊರಗೆ ಚಪ್ಪಲಿ ಮೆಟ್ಟುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, ‘ಚಂದ ಮಾಡ್ತಿ. ಆದ್ರ ಅವರು ಇನ್ನೂ ಬಂದಿಲ್ಲ ನೋಡು’ ಎಂದು ಹೇಳಿ ಹೋದರು.

ಆ ಮಾತು ಯಾಕೆ ನಾಟಿತು ಎಂದು ಹೇಳಬೇಕಾದರೆ ಲ್ಯಾಬಣ್ಣನ ಬಗ್ಗೆಯೇ ಹೇಳಬೇಕು.

ಲ್ಯಾಬಣ್ಣ ಎಂಬುದು ಆ ಅಟೆಂಡರಿಗೆ ನಾವಿಟ್ಟ ಹೆಸರು. ಮೊದಮೊದಲು ಸರ್ ಎಂದೆವು. ‘ಸರ್ ಅಲ್ಲಿದಾರೆ, ಸ್ಟಾಫ್ ರೂಮಲ್ಲಿ. ಫ್ಯಾನಿನ ಕೆಳಗೆ’ ಎಂದು ತೋರಿಸಿದರು. ಅವರ ಊರು ಸೊರಬದ ಆಚೆ, ಜಡೆಯ ಹತ್ತಿರ. ಓದಿದ್ದು ಹತ್ತನೆಯ ತರಗತಿ. ಮೂವತ್ತು ವರ್ಷ ಕಾಲೇಜಿನಲ್ಲಿದ್ದರೂ ಕಾಲೇಜು ಓದದವರು ಇಬ್ಬರೇ, ನಾನು ಮತ್ತು ಗೋಡೆ ಮೇಲಿನ ಅಸ್ಥಿಪಂಜರ, ಎಂದು ಅವರೇ ಹೇಳುತ್ತಿದ್ದರು. ಆದರೆ ಯಾವ ಕೋರ್ಸಿಗೆ ಯಾವ ಅರ್ಜಿ, ಯಾವ ಹಾಸ್ಟೆಲ್ಲಿಗೆ ಯಾವ ಸರ್ಟಿಫಿಕೇಟು, ಯಾವುದನ್ನು ನಾಡಕಚೇರಿಯಲ್ಲಿ ಮಾಡಿಸಬೇಕು, ಎಲ್ಲ ಅವರಿಗೆ ಬಾಯಿಪಾಠ. ಲ್ಯಾಬಿನ ಕರಿಹಲಗೆಯ ಬಲತುದಿಯಲ್ಲಿ ‘ಕೊನೆಯ ದಿನ’ ಎಂದು ಬರೆದು ಕೆಳಗೆ ತಾರೀಕುಗಳ ಪಟ್ಟಿ ಇಟ್ಟಿದ್ದರು. ಕೆಮಿಸ್ಟ್ರಿ ಮೇಷ್ಟ್ರು ಉಳಿದ ಹಲಗೆ ತುಂಬ ಸಮೀಕರಣ ಬರೆಯುತ್ತಿದ್ದರೇ ಹೊರತು ಆ ತುದಿಯನ್ನು ಮುಟ್ಟುತ್ತಿರಲಿಲ್ಲ.

ನಮ್ಮಂಥ ತಾಂಡಾದ ಹುಡುಗರು ಪಿಯುಸಿ ಪಾಸಾಗುತ್ತಿದ್ದೆವು, ಮಾರನೆಯ ವಾರ ಕಾಣೆಯಾಗುತ್ತಿದ್ದೆವು. ಕೆಲವರು ಶುಂಠಿಗೆ, ಕೆಲವರು ಕಾಫಿ ತೋಟಕ್ಕೆ, ಕೆಲವರು ಗಾರೆ ಕೆಲಸಕ್ಕೆ. ರಿಸಲ್ಟ್ ನೋಡಿ ಹಾರ ತರುವ ಮೇಷ್ಟ್ರುಗಳಿಗೆ ಇದು ಕಾಣಿಸುತ್ತಿರಲಿಲ್ಲ. ಲ್ಯಾಬಣ್ಣನಿಗೆ ಕಂಡಿತು. ರಜೆಯಲ್ಲಿ ಟಿ.ಸಿ. ತೆಗೆದುಕೊಳ್ಳಲು ಬಾರದವರ ಹೆಸರು ಬರೆದುಕೊಂಡು, ಹಳೆಯ ಮೊಪೆಡ್ಡಿನ ಚೀಲದಲ್ಲಿ ಅರ್ಜಿಗಳನ್ನು ತುಂಬಿಕೊಂಡು ತಾಂಡಾ ತಾಂಡಾ ತಿರುಗಿದರು. ಆಮೇಲೆ ಪ್ರಿನ್ಸಿಪಾಲರ ಒಪ್ಪಿಗೆ ಪಡೆದು ಭಾನುವಾರ ಬೆಳಿಗ್ಗೆ ಲ್ಯಾಬಿನ ಬೀಗ ತೆಗೆಯತೊಡಗಿದರು.

ಅಲ್ಲಿ ನಡೆದದ್ದನ್ನು ಪಾಠ ಎನ್ನಲಾರೆ. ಅವರು ಅದನ್ನು ಪಾಳಿ ಎನ್ನುತ್ತಿದ್ದರು. ಪ್ರತಿ ಭಾನುವಾರ ಒಬ್ಬರ ಪಾಳಿ. ಆ ದಿನ ಬೀಗದ ಕೈ ಅವನದು ಅಥವಾ ಅವಳದು. ಏನು ಮಾಡಬೇಕು, ಯಾರು ಎಲ್ಲಿ ಕೂರಬೇಕು, ಜಗಳ ಬಂದರೆ ಯಾರದು ಸರಿ, ಎಲ್ಲ ಆ ಒಬ್ಬರ ತೀರ್ಮಾನ. ಲ್ಯಾಬಣ್ಣ ಕೊನೆಯ ಬೆಂಚಿನಲ್ಲಿ ಕೂತು ಹೇಳಿದ್ದನ್ನು ಮಾಡುವರು. ಕಸ ಗುಡಿಸಿ ಎಂದರೆ ಗುಡಿಸುವರು. ಇದಕ್ಕೆ ನಾಯಕತ್ವ ತರಬೇತಿ ಎಂಬ ದೊಡ್ಡ ಹೆಸರಿದೆ ಎಂದು ಆಮೇಲೆ ಬಿ.ಎ.ಯಲ್ಲಿ ಓದಿದೆ. ನಮ್ಮ ತಾಂಡಾದಲ್ಲಿ ಹುಟ್ಟಿದ ಕೂಸಿನ ಹೆಸರಿಗೂ ಕೊನೆಯಲ್ಲಿ ನಾಯ್ಕ ಅಂಟಿರುತ್ತದೆ. ಅಂಥ ನಮಗೆ ನಾಯಕರಾಗುವುದನ್ನು ಒಬ್ಬ ಅಟೆಂಡರು ಕಲಿಸಬೇಕಾಯಿತು.

ಪಾಳಿಯವರು ಸಿಕ್ಕಿಬಿದ್ದರೆ ಹಿಂದಿನ ಬೆಂಚಿನತ್ತ ನೋಡುತ್ತಿದ್ದರು. ಅವರು ಉತ್ತರ ಹೇಳುತ್ತಿರಲಿಲ್ಲ. ‘ನೀನೇನಂತೀಯ?’ ಎಂದು ಕೇಳಿ ಸುಮ್ಮನಾಗುತ್ತಿದ್ದರು. ಆ ಸುಮ್ಮನಿರುವಿಕೆಯನ್ನು ತಡೆಯುವುದು ಬಹಳ ಕಷ್ಟ. ನಲ್ಲಿಯಿಂದ ಸಿಂಕಿಗೆ ಬೀಳುವ ಹನಿಯ ಸದ್ದು ಕೇಳುತ್ತಿತ್ತು. ನಾವು ಒದ್ದಾಡಿ, ತಲೆ ಕೆರೆದು, ಕೊನೆಗೆ ಏನೋ ಒಂದು ಹೇಳುತ್ತಿದ್ದೆವು. ಅದು ತಪ್ಪಿದ್ದರೂ ‘ಹೂಂ, ಮಾಡಿ ನೋಡು’ ಎನ್ನುತ್ತಿದ್ದರು.

ನನ್ನ ಮೊದಲ ಪಾಳಿಯ ದಿನ ತಲೆಗೇರಿತ್ತು. ಬೀಗದ ಕೈ ಕುಣಿಸುತ್ತ ಆಜ್ಞೆ ಹೊರಡಿಸಿದೆ: ‘ಲ್ಯಾಬಣ್ಣ ಇವತ್ತು ನನ್ನನ್ನು ಅಣಕಿಸಬೇಕು.’

ಹುಡುಗರು ಹೋ ಎಂದರು. ಅವರು ನಿಧಾನವಾಗಿ ಎದ್ದು ಮುಂದೆ ಬಂದರು. ಯಾವ ದನಿಯನ್ನೂ ತೆಗೆಯಲಿಲ್ಲ. ಬಾಯಿ ಅಲ್ಲಾಡಿಸಿ ಏನೋ ಹೇಳಿದ ಹಾಗೆ ಮಾಡಿದರು. ಆಮೇಲೆ ಕತ್ತನ್ನು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗಿಸಿ, ಯಾರು ನಕ್ಕರು, ಯಾರು ನಗಲಿಲ್ಲ ಎಂದು ಕಳ್ಳನ ಹಾಗೆ ನೋಡಿದರು. ಅಷ್ಟೇ. ಹೋಗಿ ಕೂತರು. ಲ್ಯಾಬು ಬಿದ್ದು ಬಿದ್ದು ನಕ್ಕಿತು. ನಾನು ಮಾತ್ರ ಆವತ್ತು ಮೊದಲ ಸಲ ನನ್ನನ್ನು ನೋಡಿದೆ.

ಆದರೆ ನನ್ನ ಆ ರೋಗಕ್ಕೂ ಅವರ ಹತ್ತಿರ ಒಂದು ಉಪಯೋಗವಿತ್ತು. ಲ್ಯಾಬಿಗೆ ಹೊಂದಿಕೊಂಡ ಸ್ಟೋರ್ ರೂಮಿಗೆ ಒಂದು ಸಣ್ಣ ಕಿಟಕಿ ಇತ್ತು, ರಾಸಾಯನಿಕದ ಬಾಟಲಿ ಕೊಡಲು. ನನ್ನನ್ನು ಅದರೊಳಗೆ ಕೂರಿಸಿದರು. ‘ನೀನು ಆಫೀಸಿನ ಗುಮಾಸ್ತ. ಎಷ್ಟು ಸಿಡುಕಬಹುದೋ ಅಷ್ಟು ಸಿಡುಕು.’ ಉಳಿದವರು ಸಾಲಿನಲ್ಲಿ ಬಂದು ಅರ್ಜಿ ಕೇಳಬೇಕು. ನನಗೆ ಹಬ್ಬ. ವಾರಕ್ಕೊಬ್ಬ ಗುಮಾಸ್ತನನ್ನು ಹುಟ್ಟಿಸಿದೆ. ಎಲೆಯಡಿಕೆ ಬಾಯಿಯವನು, ಫೋನಿನಿಂದ ಕಣ್ಣೆತ್ತದವನು, ‘ಫೋಟೋ ಎಲ್ಲಿ? ಇದು ಯಾವ ಕಾಲದ ಸರ್ಟಿಫಿಕೇಟು? ನಿಮ್ಮಪ್ಪನ್ನ ಕರ್ಕೊಂಡ್ ಬಾ’ ಎಂದು ಗದರುವವಳು. ಎಲ್ಲರ ಕೊನೆಯ ಮಾತು ಒಂದೇ: ‘ನಾಳೆ ಬಾ.’

ಅಲ್ಲಿ ಒಂದೇ ಕಾನೂನು. ನಾಳೆ ಬಾ ಎಂದರೆ ತಿರುಗಿ ಹೋಗುವಂತಿಲ್ಲ. ‘ನಾಳೆ ಎಷ್ಟು ಗಂಟೆಗೆ ಸರ್? ಯಾರನ್ನ ಕೇಳ್ಬೇಕು ಸರ್?’ ಈ ಎರಡು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕಿಟಕಿ ಬಿಡುವಂತಿಲ್ಲ. ಮೊದಲ ವಾರ ಎಲ್ಲರೂ ತಿರುಗಿ ಹೋದರು. ಒಬ್ಬಳು ಅತ್ತಳು. ನಾಲ್ಕನೆಯ ವಾರಕ್ಕೆ ನಾನು ಎಷ್ಟು ಸಿಡುಕಿದರೂ ಅಲ್ಲಾಡುತ್ತಿರಲಿಲ್ಲ. ಎಲ್ಲರಿಗಿಂತ ಗಟ್ಟಿ ಸುಮಿತ್ರಾ, ಅದೇ ಮೇಸ್ತ್ರಿ ಕಾಕಾನ ಹಿರಿಮಗಳು, ಮೊದಲ ವಾರ ಅತ್ತವಳು. ‘ಹೆಸರು ಹೇಳ್ರಿ ಸರ್, ಬರ್ಕೊಂತೀನಿ’ ಎಂದು ಕಿಟಕಿಯ ಕಟ್ಟೆಯ ಮೇಲೆ ನೋಟುಪುಸ್ತಕ ಇಟ್ಟು ಪೆನ್ನು ತೆಗೆದರೆ ನನ್ನ ಗುಮಾಸ್ತನೇ ಎದ್ದು ಓಡಬೇಕು.

ಹೀಗೆ ಎಲ್ಲರನ್ನೂ ತಯಾರು ಮಾಡಿದ ಮಹಾಶಯನಾದ ನಾನು ನನ್ನ ಬಿ.ಎ. ಅರ್ಜಿಗೆ ಹೋದಾಗ ಏನಾಯಿತು ಎಂದರೆ, ನಿಜವಾದ ಕಿಟಕಿಯೊಳಗಿನಿಂದ ‘ಏನಪ್ಪಾ, ಏನ್ ಬೇಕು?’ ಎಂದು ಕೇಳಿದರು. ನನಗೆ ಕಿಟಕಿಯ ಹೊರಗೆ ನಿಂತು ರೂಢಿಯೇ ಇರಲಿಲ್ಲ. ಅದೇ ರಾಗದಲ್ಲಿ ‘ಏನಪ್ಪಾ, ಏನ್ ಬೇಕು?’ ಎಂದುಬಿಟ್ಟೆ. ಅವರು ಅರ್ಜಿಯನ್ನು ಮಡಚಿ ಹೊರಗೆಸೆದರು. ಲ್ಯಾಬಣ್ಣ ಬಂದು ಸಮಾಧಾನ ಮಾಡಿ ಕೊಡಿಸಬೇಕಾಯಿತು. ದಾರಿಯುದ್ದಕ್ಕೂ ಅವರ ಹೆಗಲು ನಗುವಿನಿಂದ ಕುಲುಕುತ್ತಿತ್ತು.

ಇನ್ನು ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಏಳು ವರ್ಷದ ಹಿಂದಿನದು.

ಸುಮಿತ್ರಾಳಿಗೆ ಶಿವಮೊಗ್ಗದಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿತು, ಹಾಸ್ಟೆಲ್ಲೂ ಸಿಕ್ಕಿತು. ಸೇರಲು ಮಾರನೆಯ ದಿನವೇ ಕೊನೆ. ಕಾಕಾ ಆಗ ಸಕಲೇಶಪುರದ ಕಡೆ ಶುಂಠಿ ಹೊಲದಲ್ಲಿದ್ದರು. ಫೋನಿನಲ್ಲಿ ಮಗಳಿಗೆ, ‘ಶಿವಮೊಗ್ಗ ಬ್ಯಾಡ. ಲ್ಯಾಬಣ್ಣಾರನ್ನ ಒಂದು ಮಾತು ಕೇಳ್ತೀನಿ, ಆಮೇಲೆ ನೋಡಾಣ’ ಎಂದರಂತೆ. ಲ್ಯಾಬಣ್ಣ ನೆಂಟರ ಮನೆಗೆಂದು ಚಂದ್ರಗುತ್ತಿಗೆ ಹೋಗಿದ್ದರು. ಅಲ್ಲಿ ಫೋನು ಸಿಗದು. ಸುಮಿತ್ರಾ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಸರ್ಟಿಫಿಕೇಟುಗಳ ಚೀಲ ತಬ್ಬಿಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ಅದೇ ನೋಡಲಾಗಲಿಲ್ಲ.

ನಾನು ಜೆರಾಕ್ಸ್ ಅಂಗಡಿಯ ಹಿಂದೆ ಹೋಗಿ ಗೆಳೆಯನ ಫೋನಿನಿಂದ ಕಾಕಾನಿಗೆ ಹಚ್ಚಿದೆ. ಒಂದೇ ಒಂದು ಒಣ ಕೆಮ್ಮು. ‘ಮೇಸ್ತ್ರಿಯವರೇ, ನಾನು. ನನ್ನ ಫೋನಲ್ಲಿ ಚಾರ್ಜಿಲ್ಲ, ಬೇರೆಯವರದ್ರಿಂದ ಮಾಡ್ತಿದೀನಿ’ ಎಂದೆ. ಶಿವಮೊಗ್ಗ ಎಂಥ ಊರು, ಹಾಸ್ಟೆಲ್ಲಿಗೆ ಎಷ್ಟೆತ್ತರದ ಕಾಂಪೌಂಡು, ನಿಮ್ಮ ಮಗಳು ಎಂಥ ಜಾಣೆ, ಓದಿದರೆ ಏನಾಗುತ್ತಾಳೆ, ಒಂದನ್ನೂ ಬಿಡದೆ ಸುರಿದೆ. ನಡುನಡುವೆ ಎಷ್ಟು ಬೇಕೋ ಅಷ್ಟು ಮಾರಾಯ. ಕೊನೆಗೆ ಆ ಕಡೆಯಿಂದ, ‘ಆತು ಬಿಡ್ರಿ’ ಎಂದು ಬಂತು.

ಲ್ಯಾಬಣ್ಣ ಫೋನ್ ಮಾಡಿ ಒಪ್ಪಿಸಿದರು ಎಂದೆ, ಸುಮಿತ್ರಾ ಸೇರಿದಳು. ನಾನು ಹತ್ತು ದಿನ ನೆಲದ ಮೇಲೆ ನಡೆಯಲಿಲ್ಲ.

ಹನ್ನೊಂದನೆಯ ದಿನ ಭಾನುವಾರ. ಸುಮಿತ್ರಾ ಶಿವಮೊಗ್ಗದಿಂದ ಪೇಡಾ ಪೊಟ್ಟಣ ತಂದು ಲ್ಯಾಬಣ್ಣನ ಕೈಗಿಟ್ಟಳು. ‘ನೀವು ಬಾಪುಗೆ ಫೋನ್ ಮಾಡಿ ಹೇಳಿದ್ದಕ್ಕೇ ಆತಣ್ಣ.’

ಅವರು ಪೊಟ್ಟಣ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಏನೂ ಕೇಳಲಿಲ್ಲ. ಸಿಂಕಿಗೆ ಹನಿ ಬೀಳುತ್ತಿತ್ತು. ಅದು ಹತ್ತು ಸಲ ಬೀಳುವಷ್ಟರಲ್ಲಿ ನಾನು ಎಲ್ಲವನ್ನೂ ಒಪ್ಪಿಕೊಂಡಿದ್ದೆ.

‘ನಾನು ಹೋಗಿ ನಿನ್ನಪ್ಪನಿಗೆ ನಿಜ ಹೇಳ್ಬೇಕು ತಂಗಿ’ ಎಂದರು ಅವರು ಸುಮಿತ್ರಾಳಿಗೆ. ‘ಹೇಳಿದ್ರೆ ಅವರು ನಿನ್ನನ್ನ ವಾಪಸ್ ಕರೆಸಬಹುದು. ನೀನೇನಂತೀಯ?’

ಸುಮಿತ್ರಾ ಬಹಳ ಹೊತ್ತು ಬೆಂಚಿನ ಮೇಲಿನ ಆಸಿಡ್ಡಿನ ಕಲೆಯನ್ನು ಉಗುರಿನಲ್ಲಿ ಕೆರೆದಳು. ಆಮೇಲೆ, ‘ಮೂರು ವರ್ಷ ಹೆದರಿಕೊಂಡು ಕುಂದ್ರಾಕ ಆಗಲ್ಲಣ್ಣ. ಹೋಗಿ ಬರ್ರಿ’ ಎಂದಳು. ನನ್ನ ಕಡೆ ತಿರುಗಿ, ‘ನನ್ನ ಸೀಟು ಹೋತು ಅಂದ್ರ ನಿನ್ನ ನಾಲಿಗಿ ಇರಲ್ಲ’ ಎಂದಳು. ಅವಳ ದನಿಯನ್ನು ಅಣಕಿಸುವ ಧೈರ್ಯ ಇವತ್ತಿಗೂ ನನಗಿಲ್ಲ.

ಮುಂದಿನ ಭಾನುವಾರ ನಸುಕಿನ ಬಸ್ಸಿಗೆ ಲ್ಯಾಬಣ್ಣನೂ ನಾನೂ ಹೊರಟೆವು. ಶಿವಮೊಗ್ಗ, ಹಾಸನ, ಅಲ್ಲಿಂದ ಸಕಲೇಶಪುರ, ಆಮೇಲೆ ಜೀಪು. ದಾರಿಯಲ್ಲಿ ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಹಾಸನದಲ್ಲಿ ಇಡ್ಲಿ ಕೊಡಿಸಿದರು.

ಹೊಲದ ಅಂಚಿನ ತಗಡಿನ ಶೆಡ್ಡಿನಲ್ಲಿ ಕಾಕಾ ಮಧ್ಯಾಹ್ನದ ಊಟಕ್ಕೆ ಕೈ ತೊಳೆಯುತ್ತಿದ್ದರು. ನಮ್ಮನ್ನು ಕಂಡು ಗಾಬರಿಯಾದರು. ಲ್ಯಾಬಣ್ಣ ನಿಂತಲ್ಲೇ ಹೇಳಿದರು: ‘ಹುಡುಗಿ ಆರಾಮಿದಾಳೆ. ಅವತ್ತು ಫೋನಲ್ಲಿ ಮಾತಾಡಿದ್ದು ನಾನಲ್ಲ, ಇವನು. ನಾನು ಕಲಿಸಿದ ಹುಡುಗ, ತಪ್ಪು ನಂದೂ ಆಯ್ತು.’

ಕಾಕಾ ಟವೆಲಿನಲ್ಲಿ ಕೈ ಒರೆಸುತ್ತ ನಕ್ಕರು. ‘ನನಗ ಅವತ್ತೇ ಗೊತ್ತಾತು ಅಣ್ಣಾರೆ. ಕೆಮ್ಮಿದ್ದು ಸರಿ ಇತ್ತು, ಮಾರಾಯ ಅಂದಿದ್ದೂ ಸರಿ ಇತ್ತು. ಆದ್ರ ಒಂದೇ ಸಮ ಮಾತಾಡಿದ. ನೀವಾಗಿದ್ರ ನೀವೇನಂತೀರಿ ಅಂತ ಕೇಳಿ ಸುಮ್ನಾಗ್ತಿದ್ರಿ. ಇವ ನನ್ನ ಒಂದು ಮಾತು ಕೇಳ್ಲಿಲ್ಲ.’

‘ಮತ್ತ ಆತು ಬಿಡ್ರಿ ಅಂತ ಯಾಕ ಅಂದಿ ಕಾಕಾ?’ ಎಂದೆ ನಾನು, ಬಾಯಿ ತಡೆಯದೆ.

‘ಫೋನ್ ಇಡಿಸಾಕ ಅಂದೆ. ಕಿವಿ ನೋಯ್ತಿತ್ತು. ಸೇರಿದ್ದಂತೂ ಸೇರ್‍ಯಾಳ, ದವಾಳಿ ಹಬ್ಬಕ್ಕ ತಾಂಡಾಕ್ಕ ಬಂದಾಗ ಮತ್ತ ಕಳಿಸಬಾರದು ಅಂತ ಮಾಡಿದ್ದೆ.’

ನಾನು ಗೆದ್ದೆ ಎಂದುಕೊಂಡಿದ್ದ ಸೀಟು ಸುಮಿತ್ರಾಳ ಕೈಯಲ್ಲಿ ಇರಲೇ ಇಲ್ಲ.

ಲ್ಯಾಬಣ್ಣ ಅಲ್ಲಿದ್ದ ಗೊಬ್ಬರದ ಚೀಲದ ಮೇಲೆ ಕೂತರು. ‘ನೀವೇನಂತೀರಿ?’ ಎಂದರು. ಸುಮ್ಮನಾದರು.

ಟೀ ಬಂತು. ಲೋಟ ಖಾಲಿಯಾಯಿತು. ದೂರದಲ್ಲಿ ಹೆಂಗಸರು ಶುಂಠಿಯ ಮಡಿಗಳ ಮೇಲೆ ಸೊಪ್ಪು ಹರಡುತ್ತ ನಮ್ಮ ಭಾಷೆಯಲ್ಲಿ ಹರಟುತ್ತಿದ್ದರು. ನಾನು ಏನೋ ಹೇಳಲು ಬಾಯಿ ತೆರೆದೆ. ಲ್ಯಾಬಣ್ಣ ನನ್ನ ಮೊಣಕಾಲಿನ ಮೇಲೆ ಒಂದು ಬೆರಳಿಟ್ಟರು, ಅಷ್ಟೇ.

‘ಒಮ್ಮೆ ಶಿವಮೊಗ್ಗಕ್ಕ ಹೋಗಿದ್ದೆ ಅಣ್ಣಾರೆ’ ಎಂದರು ಕಾಕಾ ಕೊನೆಗೆ, ನೆಲ ನೋಡುತ್ತ. ‘ಒಂದು ಆಫೀಸಿಗೆ. ಮುಂಜಾನಿಯಿಂದ ಸಂಜಿ ತನಕ ಬಾಗಿಲ ಹೊರಗ ನಿಂತೆ. ಯಾಕ ನಿಂತೀ ಅಂತ ಒಬ್ಬರೂ ಕೇಳ್ಲಿಲ್ಲ. ಗಂಡಸು ನಾನು, ನಿಂತೆ, ಬಂದೆ. ನನ್ನ ಮಗಳು ಹಂಗ ಯಾವ ಬಾಗಿಲಾಗ ನಿಂತಿರ್ತಾಳ ಅಂತ ನೆನಸಿದ್ರ ಇಲ್ಲಿ ಊಟ ಇಳಿಯಲ್ಲ.’

ಲ್ಯಾಬಣ್ಣ ನನಗೆ ಶೆಡ್ಡಿನ ಒಳಗೆ ಹೋಗು ಎಂದು ಸನ್ನೆ ಮಾಡಿದರು. ತಗಡಿನಲ್ಲಿ ಒಂದು ಚೌಕ ಕೊರೆದು ಕಿಟಕಿ ಮಾಡಿದ್ದರು. ‘ಮೇಸ್ತ್ರಿಯವರೇ, ಅದರ ಮುಂದೆ ನಿಂತು ಮಗಳ ಅರ್ಜಿ ಕೇಳಿ.’

ಕಾಕಾ ನಾಚಿಕೊಂಡರು. ಆದರೂ ಬಂದು ನಿಂತು, ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದರು. ನೂರು ಆಳನ್ನು ಒಂದು ಕೂಗಿಗೆ ಎಬ್ಬಿಸುವವರು. ‘ಸಾಹೇಬ್ರ, ನಮ್ಮ ಹುಡುಗಿದು ಒಂದು ಅರ್ಜಿ...’

ನಾನು ಫೋನಿನಿಂದ ಕಣ್ಣೆತ್ತದ ಗುಮಾಸ್ತನಾದೆ. ‘ನಾಳೆ ಬಾ.’

ಕಾಕಾ ‘ಆತ್ರಿ’ ಎಂದು ತಿರುಗಿಬಿಟ್ಟರು. ಎರಡು ಹೆಜ್ಜೆ ಹೋದ ಮೇಲೆ ತಾವೇ ನಿಂತರು.

‘ನಿಮ್ಮ ಮಗಳು ಹಾಗೆ ತಿರುಗಲ್ಲ’ ಎಂದರು ಲ್ಯಾಬಣ್ಣ. ‘ಎಷ್ಟು ಗಂಟೆಗೆ, ಯಾರನ್ನ ಕೇಳ್ಬೇಕು, ನಿಮ್ಮ ಹೆಸರೇನು ಅಂತ ಬರ್ಕೊಂಡೇ ಬರೋದು. ಈ ಕಳ್ಳ ಒಂದು ವರ್ಷ ಒಳಗೆ ಕೂತು ಗದರಿದಾನೆ, ಅವಳನ್ನ ಅಲ್ಲಾಡಿಸಕ್ಕೆ ಆಗ್ಲಿಲ್ಲ.’

‘ಹೌದೇನೋ?’ ಎಂದರು ಕಾಕಾ ಕಿಟಕಿಯೊಳಗೆ ಇಣುಕಿ.

‘ನನಗೇ ಹೆದರಿಕಿ ಬರ್ತಿತ್ತು ಕಾಕಾ.’

ಕಾಕಾ ಟವೆಲನ್ನು ಮತ್ತೆ ತಲೆಗೆ ಸುತ್ತಿದರು. ನಿಧಾನವಾಗಿ ಸುತ್ತಿದರು. ‘ಓದ್ಲಿ’ ಎಂದರು. ‘ದವಾಳಿಗೆ ಬರ್ಲಿ, ಮತ್ತ ಹೋಗ್ಲಿ.’

ಸಂಜೆ ಬಸ್ಸಿನಲ್ಲಿ ಲ್ಯಾಬಣ್ಣ ಕಿಟಕಿಯ ಪಕ್ಕ ಕೂತಿದ್ದರು. ಬೇಲೂರು ಕ್ರಾಸ್ ದಾಟಿದ ಮೇಲೆ, ಹೊರಗೆ ನೋಡುತ್ತಲೇ, ‘ನಂಗೂ ಒಬ್ರು ನಾಳೆ ಬಾ ಅಂದಿದ್ರು ಮಾರಾಯ. ಕಾಲೇಜಿನ ಕಿಟಕೀಲಿ. ಜಡೆಯಿಂದ ನಡ್ಕೊಂಡು ಬಂದಿದ್ದೆ’ ಎಂದರು.

‘ಆಮೇಲೆ?’

‘ನಾನು ಹೋಗ್ಲಿಲ್ಲ.’

ಆಗ ನಾನು ಒಂದು ತಮಾಷೆ ಹೇಳಿದೆ. ಏನೆಂದು ನೆನಪಿಲ್ಲ. ಅವರು ಸುಮ್ಮನಿದ್ದಷ್ಟು ಹೊತ್ತು ನಾನೂ ಸುಮ್ಮನಿರಬಹುದಿತ್ತು. ಇನ್ನೂ ಏನಾದರೂ ಹೇಳುತ್ತಿದ್ದರೇನೋ. ಹೋದ ಮಳೆಗಾಲದಿಂದ ಆ ಬಸ್ಸನ್ನು ನಾನು ಎಷ್ಟು ಸಲ ಹತ್ತಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲ ಬಾಯಿ ಮುಚ್ಚಿಕೊಂಡು ಕೂರುತ್ತೇನೆ, ಅವರು ಮುಂದೆ ಏನೋ ಹೇಳಲು ಈ ಕಡೆ ತಿರುಗುತ್ತಾರೆ, ಅಷ್ಟಕ್ಕೇ ನಿಲ್ಲುತ್ತದೆ.

ಲ್ಯಾಬಿನ ಬೀಗ ಈಗ ಭಾನುವಾರ ನಾನು ತೆಗೆಯುತ್ತೇನೆ. ಹಲಗೆಯ ಬಲತುದಿಯ ಪಟ್ಟಿಯಲ್ಲಿ ತಾರೀಕುಗಳನ್ನು ಬದಲಿಸಿದ್ದೇನೆ. ‘ಕೊನೆಯ ದಿನ’ ಎಂಬ ಅವರ ಅಕ್ಷರವನ್ನು ಮಾತ್ರ ಒರೆಸಿಲ್ಲ. ನೀನೇನಂತೀಯ ಎಂದು ಕೇಳುತ್ತೇನೆ. ಮೂರು ಹನಿ ಬೀಳುವಷ್ಟರಲ್ಲಿ ನಾನೇ ಉತ್ತರ ಹೇಳಿಬಿಟ್ಟಿರುತ್ತೇನೆ. ಸುಮಿತ್ರಾ ಈಗ ಸೊರಬದ ಹತ್ತಿರ ಹೈಸ್ಕೂಲಿನಲ್ಲಿ ಟೀಚರು. ‘ನಿನ್ನ ಕ್ಲಾಸು ರೇಡಿಯೋ ಕೇಳಿದ ಹಂಗ ಐತಿ’ ಎಂದು ಒಮ್ಮೆ ಬಂದು ಕೂತು ಹೇಳಿ ಹೋದಳು.

ಮೊನ್ನೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಲ್ಯಾಬಿನಲ್ಲೊಬ್ಬನೇ ಇದ್ದೆ. ಮೇಸ್ತ್ರಿ ಕಾಕಾನ ಫೋನು. ಕಿರಿಮಗಳು ರೇಖಾ ಮಂಗಳೂರಿಗೆ ನರ್ಸಿಂಗ್ ಓದಲು ಹೋಗುತ್ತೇನೆಂದು ಹಟ ಹಿಡಿದಿದ್ದಾಳಂತೆ. ನಾಡಿದ್ದು ಕೊನೆಯ ದಿನ.

‘ಯಾರನ್ನ ಕೇಳ್ಲಿ ಹೇಳು’ ಎಂದರು ನಮ್ಮ ಭಾಷೆಯಲ್ಲಿ. ‘ನೀನು ಅವರ ದನಿ ತೆಗೀತಿಯಲ್ಲ, ತೆಗಿ.’

‘ಕಾಕಾ, ಅದೆಲ್ಲಾ ತಮಾಷೆಗೆ...’

‘ಅವತ್ತು ಕೇಳದೆ ತೆಗೆದಿ. ಇವತ್ತು ಕೇಳ್ತೀನಿ, ತೆಗಿ.’

ಕೆಮ್ಮಲು ಹೋದೆ. ಬರಲಿಲ್ಲ. ಮಾರಾಯ ಎನ್ನಲೂ ಆಗಲಿಲ್ಲ. ಅವರ ದನಿಯಲ್ಲೋ ನನ್ನ ದನಿಯಲ್ಲೋ ಗೊತ್ತಿಲ್ಲ, ಕನ್ನಡದಲ್ಲಿ, ‘ನೀವೇನಂತೀರಿ?’ ಎಂದೆ.

ಆ ಕಡೆ ಗಾಳಿಯ ಸದ್ದು. ಈ ಕಡೆ ಸಿಂಕಿಗೆ ಬೀಳುವ ಹನಿ. ಮೂರು ಬಿತ್ತು. ಹತ್ತು ಬಿತ್ತು. ಹೇಳಲು ನನ್ನ ಬಳಿ ಬೇಕಾದಷ್ಟಿತ್ತು: ಮಂಗಳೂರು, ನರ್ಸಿಂಗು, ಅಕ್ಕ ಓದಿ ಟೀಚರಾದದ್ದು. ನಾನು ನನ್ನ ಮೊಣಕಾಲಿನ ಮೇಲೆ ಒಂದು ಬೆರಳಿಟ್ಟುಕೊಂಡೆ.

ಕಾಕಾ ಮಾತಾಡತೊಡಗಿದರು. ಮಂಗಳೂರಿನ ಮಾತು ನನಗೆ ತಿಳಿಯಲ್ಲ ಎಂದರು. ಆಮೇಲೆ, ಶಿವಮೊಗ್ಗಕ್ಕೂ ಹಂಗೇ ಅಂದಿದ್ದೆ ಎಂದರು. ಸಣ್ಣವಳು, ಇದ್ದರೆ ಮನೆ ತುಂಬಿರುತ್ತೆ ಎಂದರು. ಕೊನೆಗೆ, ‘ಹೋಗ್ಲಿ ಬಿಡ್ರಿ. ಅವಳೂ ಬರ್ಕೊಂಡೇ ಬರಾಕಿ’ ಎಂದರು. ಯಾವಾಗ ಕನ್ನಡಕ್ಕೆ ತಿರುಗಿದರೋ, ಯಾವಾಗ ನನಗೆ ರೀ ಹಚ್ಚಿದರೋ ನನಗೆ ತಿಳಿಯಲೇ ಇಲ್ಲ.

ನಾನು ಆಗಲೂ ಸುಮ್ಮನಿದ್ದೆ. ಸುತ್ತ ನೋಡಲೂ ಇಲ್ಲ.

ಫೋನು ಇಡುವ ಮೊದಲು ಅವರ ದನಿ ಸಣ್ಣದಾಯಿತು. ‘ಹಾಂ’ ಎಂದರು. ‘ಈಗ ಬಂದ್ರಿ ನೋಡ್ರಿ, ಅಣ್ಣಾರೆ.’